ಅಪ್‌ಡೇಟ್: ಹಿಂದಿನ ಗುಂಯ್ ಸಪ್ಪಳದ ಮೂಲ ಸಿಕ್ತು

ಹೋದ ತಿಂಗಳು ಕೇಳಿದ್ದೆ ಅಲ್ರಿ, ನನ್ನ 14 ವರ್ಷದ ಆಲ್ ವ್ಹೀಲ್ ಡ್ರೈವ್ (ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗೋ) ಗಾಡಿ ಹುಮನಾಬಾದ್ ರೋಡಿನಾಗ 60 ದಾಟಿದ್ರ ಸಾಕು ಹಿಂದಿನಿಂದ ಗುಂಯ್ ಅಂತದ, ಡಿಫರೆನ್ಷಿಯಲ್ (ಹಿಂದಿನ ಎರಡು ಗಾಲಿಗೆ ಶಕ್ತಿ ಹಂಚೋ ಗೇರಿನ ಡಬ್ಬಿ) ಹೋಗ್ಯಾದೇನು ಅಂತ. ಹೋಗಿಲ್ರಿ!

ಇಲ್ಲಿ ಕಲಬುರಗಿಯ ಮೇಸ್ತ್ರಿ ಡಿಫರೆನ್ಷಿಯಲ್ ಬಿಚ್ಚೇ ಬಿಡೋಣ ಅಂದಿದ್ರು, ನಾ ಎರಡು ದಿನ ತಡೀರಿ ಅಂದೆ. ನೀವು ಹೇಳಿದಂಗ ಖಾಲಿ ರೋಡಿನಾಗ ಸ್ಟೇರಿಂಗ್ ಸ್ವಲ್ಪ ಎಡಕ್ಕ ಬಲಕ್ಕ ಆಡಿಸಿ ನೋಡ್ದೆ, ಎಡಕ್ಕ ತಿರುವಿದ್ರ ಸಪ್ಪಳ ಜೋರು, ಬಲಕ್ಕ ತಿರುವಿದ್ರ ಕಮ್ಮಿ, ಅಂದ್ರ ತೂಕ ಬಲಗಡೆ ಬಿದ್ದಾಗ ಒದರ್ತದ. ಎಕ್ಸಲರೇಟರ್ ಒತ್ತಿದ್ರೂ ಬಿಟ್ರೂ, ನ್ಯೂಟ್ರಲ್‌ಗೆ ಹಾಕಿದ್ರೂ ಅದೇ ಸಪ್ಪಳ, ಗೇರಿನ ಹಲ್ಲಿನ ಸಪ್ಪಳ ಇದ್ದಿದ್ರ ಲೋಡ್ ಜೊತಿ ಬದಲಾಗ್ತಿತ್ತು. ಆಮ್ಯಾಲ ನಾಲ್ಕೂ ಗಾಲಿ ಎತ್ತಿ ಸ್ಟ್ಯಾಂಡ್ ಮ್ಯಾಲ ಇಟ್ಟು, ಒಂದು ಕೈಲಿ ಹಿಂದಿನ ಬಲಗಾಲಿ ತಿರುಗಿಸ್ತಾ ಇನ್ನೊಂದು ಕೈ ಸ್ಪ್ರಿಂಗ್ ಮ್ಯಾಲ ಇಟ್ಟೆ, ಒಳಗ ಉಸುಕು ಬೀಸಿದಂಗ ಬೆರಳಿಗೆ ಗರಗರ ಹತ್ತಿತು ನೋಡ್ರಿ. ಎಡಗಾಲಿ ಬೆಣ್ಣಿ ಹಂಗ ತಿರುಗ್ತದ.

ಅಂದ್ರ ಕೆಟ್ಟಿದ್ದು ಆ ಬಲಗಾಲಿಯ ಹಬ್ ಬೇರಿಂಗ್ (ಗಾಲಿ ಸಲೀಸಾಗಿ ತಿರುಗೋಹಂಗ ಮಾಡೋ ಭಾಗ). ಹೈದರಾಬಾದಿನಿಂದ ಹೊಸಾದು ತರಿಸಿ ಹಾಕಿಸ್ದೆ, ಗುಂಯ್ ಪೂರಾ ಹೋತು, ಬೀದರ್ ತನಕ ಹೋಗಿ ಬಂದೀನಿ.

ರಿವರ್ಸಿನಿಂದ ಡ್ರೈವ್‌ಗೆ ಹಾಕಿದಾಗ ಟಕ್ ಅನ್ನೋದು ಮಾತ್ರ ಇನ್ನೂ ಅದ. ಪ್ರೊಪೆಲ್ಲರ್ ಶಾಫ್ಟಿನ (ಮುಂದಿನಿಂದ ಹಿಂದಿನ ಗಾಲಿಗೆ ಶಕ್ತಿ ಒಯ್ಯೋ ಉದ್ದನ ರಾಡು) ನಡುವಿನ ಬೇರಿಂಗ್ ಸುತ್ತಲಿನ ರಬ್ಬರ್ ಹರಿದದ, ಸಂದಿನಾಗ ಬೆರಳು ಹೋಗ್ತದ, ಅದನ್ನೂ ಆರ್ಡರ್ ಮಾಡೀನಿ. ಮತ್ತ ಮುಂದ ಹೊಸ ಟೈರು ಹಿಂದ ಸವೆದ ಟೈರು ಇದ್ವು, ಸುತ್ತಳತಿ ಫರಕ್ ಆದ್ರ ಮುಂದಿನ ಹಿಂದಿನ ಗಾಲಿಗಳನ್ನ ಜೋಡಿಸೋ ಕಪ್ಲಿಂಗ್ ಮ್ಯಾಲ ಸುಮ್ನೆ ಜಗ್ಗಾಟ ಬೀಳ್ತದ ಅಂತ ನಾಲ್ಕೂ ಒಂದೇ ಮಾಡಿಸ್ದೆ. ಮುಂದಿನ ವಾರ ಶಾಫ್ಟ್ ಕೂಡಿಸಿದ ಮ್ಯಾಲ ಮತ್ತ ಬರೀತೀನಿ.