ಜನಸಾಮಾನ್ಯರಿಗೆ ಸೈಬರ್ ಕಾನೂನು: ಒಂದೂವರೆ ಗಂಟೆಯಲ್ಲಿ ಏನು ಕಲಿಸಬೇಕು?

ಓದುಮನೆ:
ಗ್ರಂಥಾಲಯದ ಓದುಗರಿಗಾಗಿ ಒಂದೂವರೆ ಗಂಟೆಯ ತರಗತಿ ಸಿದ್ಧಪಡಿಸುತ್ತಿದ್ದೇವೆ. ಗೃಹಿಣಿಯರು, ನಿವೃತ್ತರು, ಸಣ್ಣ ವ್ಯಾಪಾರಿಗಳು ಬರುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಕಾನೂನಿನ ಪರಿಚಯ ಇಲ್ಲ. 2000ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಸೆಕ್ಷನ್‌ಗಳನ್ನು ಸಾಲಾಗಿ ಹೇಳುತ್ತ ಹೋದರೆ ಯಾರೂ ಕೂರುವುದಿಲ್ಲ. ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು?

ಕರಡುಪ್ರತಿ:
ದೂರು ಕೊಡುವುದನ್ನು ಕಲಿಸಿ. ಅರ್ಧ ಸಮಯ ಅದಕ್ಕೇ ಬೇಕು.

ಹಣ ಹೋದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಕೂಡಲೇ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಪೂರ್ತಿ ವಿವರ. ಇಷ್ಟು ಅವಸರ ಯಾಕೆಂದೂ ಹೇಳಿ: ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತ ಕೊನೆಗೆ ನಗದು ಮಾಡಿಕೊಳ್ಳುತ್ತಾರೆ. ಯಾವುದಾದರೂ ಖಾತೆಯಲ್ಲಿ ಇನ್ನೂ ಇರುವಾಗಲೇ ತಡೆಹಿಡಿಸಿದರೆ ಸಿಗುವ ಸಾಧ್ಯತೆ ಇರುತ್ತದೆ.

ಹಾಳೆ ಕೊಟ್ಟು ಬರೆಸಿ: ಯಾವ ಖಾತೆಯಿಂದ, ಎಷ್ಟು, ದಿನಾಂಕ, ಸಮಯ, ಕರೆ ಬಂದ ನಂಬರ್, ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ (ಬ್ಯಾಂಕುಗಳು ಆ ಪಾವತಿಯನ್ನು ಗುರುತಿಸುವ ಸಂಖ್ಯೆ). ಎಡವುವುದು ಈ ಕೊನೆಯದರಲ್ಲೇ. ಆ್ಯಪ್ ತನ್ನ ಲೆಕ್ಕಕ್ಕೆ ಕೊಡುವ ಬೇರೆ ಐಡಿಯನ್ನು ಬರೆದುಬಿಡುತ್ತಾರೆ. ಪ್ರತಿಯೊಬ್ಬರೂ ತಮ್ಮ ಮೊಬೈಲಿನಲ್ಲಿ ಹಳೆಯ ಪಾವತಿಯೊಂದನ್ನು ತೆರೆದು ಯುಟಿಆರ್ ಎಲ್ಲಿದೆ ಎಂದು ಹುಡುಕಲಿ.

ಠಾಣೆಯಲ್ಲಿ 'ಇದು ನಮ್ಮ ವ್ಯಾಪ್ತಿಯಲ್ಲ' ಎಂದರೆ ವಾಪಸ್ ಬರಬೇಕಿಲ್ಲ. ಅಪರಾಧ ಎಲ್ಲೇ ನಡೆದಿರಲಿ ಮಾಹಿತಿ ಕೊಡಬಹುದು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧ ಪ್ರಕ್ರಿಯೆಯ ಕಾನೂನಿನ) ಸೆಕ್ಷನ್ 173. ಇಮೇಲ್ ಮೂಲಕ ಕಳಿಸಿದ್ದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ಸಾಕ್ಷಿಕಟ್ಟೆ:
ಸಾಕ್ಷ್ಯ ಉಳಿಸಿಕೊಳ್ಳುವುದನ್ನು ಇದರ ಜೊತೆಗೇ ಸೇರಿಸಿ. ಗಾಬರಿಯಲ್ಲಿ ಜನ ಮೊದಲು ಮಾಡುವುದೇ ಚಾಟ್ ಅಳಿಸುವುದು. ಮೊದಲು ಉಳಿಸಿ, ಬ್ಲಾಕ್ ಆಮೇಲೆ. ಸ್ಕ್ರೀನ್‌ಶಾಟ್ ಒಂದೇ ಸಾಲದು: ಪ್ರೊಫೈಲ್ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು, ಹಾಗಾಗಿ ಪ್ರೊಫೈಲಿನ ಲಿಂಕ್, ಪೋಸ್ಟಿನ ಲಿಂಕ್ ಎರಡನ್ನೂ ಬರೆದಿಡಬೇಕು. ಫೋನನ್ನು ರೀಸೆಟ್ ಮಾಡಬಾರದು. ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತನ್ನು) ನಮೂದಿಸಬೇಕು. ತರಗತಿಗೆ ಅಷ್ಟು ಆಳ ಬೇಡ. ಮೂಲ ಸಾಧನ ಕೈಯಲ್ಲಿರಲಿ ಎಂದರೆ ಸಾಕು.

ಒಂದು ಕಡೆ ಈ ನಿಯಮ ತಿರುಗುಮುರುಗು. ಮಕ್ಕಳ ಅಶ್ಲೀಲ ಚಿತ್ರ ಕಣ್ಣಿಗೆ ಬಿದ್ದರೆ ಸಾಕ್ಷಿಗೆಂದು ಇಳಿಸಿಕೊಳ್ಳಬಾರದು, ಯಾರಿಗೂ ಕಳಿಸಲೂಬಾರದು. ಐಟಿ ಕಾಯ್ದೆಯ 67ಬಿ ಪ್ರಕಾರ ಡೌನ್‌ಲೋಡ್ ಮಾಡುವುದೂ ಅಪರಾಧ. ಲಿಂಕ್ ಮಾತ್ರ ಬರೆದುಕೊಂಡು ಪೋರ್ಟಲ್‌ನಲ್ಲಿ ದೂರು ಕೊಡಬೇಕು. 'ಇಂಥವರನ್ನು ಹಿಡಿಯಿರಿ' ಎಂದು ಗ್ರೂಪಿಗೆ ಹಾಕುವ ಒಳ್ಳೆಯ ಮನಸ್ಸಿನವರೇ ಇಲ್ಲಿ ಸಿಕ್ಕಿಬೀಳುವುದು, ದಯವಿಟ್ಟು ಒತ್ತಿ ಹೇಳಿ.

ನೇರನುಡಿ:
ದೂರಿನ ಅಭ್ಯಾಸ ಸರಿ, ಆದರೆ ಸೆಕ್ಷನ್‌ಗಳನ್ನು ಪೂರ್ತಿ ಬಿಡಬೇಡಿ. ಸೈಬರ್ ಅಪರಾಧ ಎಂದರೆ ಹಣ ಹೋಗುವುದು ಮಾತ್ರ ಎಂದುಕೊಂಡವರಿಗೆ ಮೂರು ಗೊತ್ತಿರಲಿ: ಬೇರೆಯವರ ಪಾಸ್‌ವರ್ಡ್ ದುರ್ಬಳಕೆ 66ಸಿ, ಬೇರೆಯವರಂತೆ ನಟಿಸಿ ವಂಚಿಸುವುದು 66ಡಿ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಾಂಗಗಳ ಚಿತ್ರ ತೆಗೆಯುವುದು, ಹಂಚುವುದು 66ಇ. ಮೂರಕ್ಕೂ 3 ವರ್ಷದವರೆಗೆ ಜೈಲು ಶಿಕ್ಷೆ ಇದೆ.

ತಪ್ಪು ತಿಳಿವಳಿಕೆಗಳನ್ನೂ ತೆಗೆದುಹಾಕಬೇಕು. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಎನ್ನುತ್ತಿದ್ದ 66ಎ ಈಗ ಇಲ್ಲ. ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದು ಮಾಡಿದೆ. ಸದಸ್ಯರು ಹಾಕಿದ್ದಕ್ಕೆಲ್ಲ ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕರೆಯಲ್ಲಿ ಕೂರಿಸಿ ಯಾರನ್ನೂ ಬಂಧಿಸಲಾಗದು.

ಓದುಮನೆ:
ತುಂಬ ಉಪಕಾರವಾಯಿತು. ಮೂರು ದಿನದೊಳಗೆ ಹೇಳಿದರೆ ಬ್ಯಾಂಕ್ ಪೂರ್ತಿ ಹಣ ಕೊಡುತ್ತದೆ ಅನ್ನುತ್ತಾರಲ್ಲ, ನಿಜವೇ?

ಕರಡುಪ್ರತಿ:
ಅರ್ಧ ನಿಜ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ಒಟಿಪಿಯನ್ನು ತಾವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲಿನದು ಬ್ಯಾಂಕಿನದು. ಒಟಿಪಿ ಕೊಟ್ಟೆನಲ್ಲ ಎಂಬ ನಾಚಿಕೆಯಲ್ಲಿ ಸುಮ್ಮನಿರುವವರಿಗೆ ಈ ಎರಡನೆಯ ಭಾಗ ಮುಖ್ಯ: ಖಾತೆಯಲ್ಲಿ ಇನ್ನೂ ಹಣ ಉಳಿದಿದ್ದರೆ ಆ ಕ್ಷಣವೇ ತಿಳಿಸಬೇಕು.