ವೈರ್ ಉದ್ದ ಇಳಿದರೂ ರೌಟಿಂಗ್ ಮುಗಿಯುತ್ತಿಲ್ಲ: ಪ್ಲೇಸ್‌ಮೆಂಟ್‌ನಲ್ಲಿ ಎಲ್ಲಿ ಎಡವಿದೆ?

ಪ್ರಶ್ನೆ (ಎಂ.ಟೆಕ್. ವಿದ್ಯಾರ್ಥಿ):
ಪ್ರಾಜೆಕ್ಟ್‌ಗಾಗಿ ಒಂದು ಚಿಕ್ಕ ರಿಸ್ಕ್-ಫೈವ್ ಪ್ರೊಸೆಸರನ್ನು ಸ್ಕೈವಾಟರ್ 130 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ, ಓಪನ್‌ರೋಡ್ ಎಂಬ ಚಿಪ್ ವಿನ್ಯಾಸದ ಮುಕ್ತ ಸಾಫ್ಟ್‌ವೇರ್ ಬಳಸಿ ವಿನ್ಯಾಸ ಮಾಡುತ್ತಿದ್ದೇನೆ. ಇದರಲ್ಲಿ ಒಂದೇ ಅಳತೆಯ, ಮೊದಲೇ ಸಿದ್ಧವಾದ ಮೆಮೊರಿ ಬ್ಲಾಕ್‌ಗಳಾದ ನಾಲ್ಕು ಎಸ್‌ರ್ಯಾಮ್ ಮ್ಯಾಕ್ರೋಗಳಿವೆ. ಲಾಜಿಕ್‌ಗೆ ಹತ್ತಿರವಿರಲೆಂದು ಅವನ್ನು ಡೈನ (ಚಿಪ್ಪಿನ ಸಿಲಿಕಾನ್ ತುಂಡಿನ) ನಡುವೆ ಎರಡೆರಡಾಗಿ, ಸಣ್ಣ ಓಣಿ ಬಿಟ್ಟು ಇಟ್ಟೆ. ಅರ್ಧ ಸುತ್ತಳತೆಯ ಲೆಕ್ಕದಲ್ಲಿ ಒಟ್ಟು ವೈರ್ ಉದ್ದ ಶೇ. 6ರಷ್ಟು ಇಳಿಯಿತು. ಆದರೆ ಡಿಟೇಲ್ಡ್ ರೌಟಿಂಗ್ (ಪ್ರತಿ ವೈರಿನ ನಿಖರ ದಾರಿ ಎಳೆಯುವ ಹಂತ) ಆದ ಮೇಲೆ ಸಾವಿರಕ್ಕೂ ಹೆಚ್ಚು ಡಿಆರ್‌ಸಿ ದೋಷಗಳು (ತಯಾರಿಕೆಯ ನಿಯಮಗಳ ಉಲ್ಲಂಘನೆಗಳು) ಉಳಿದಿವೆ. ಮ್ಯಾಕ್ರೋಗಳಿಗೆ ಜಾಗ ಹುಡುಕಲು ಸಿಮ್ಯುಲೇಟೆಡ್ ಅನೀಲಿಂಗ್ (ಯಾದೃಚ್ಛಿಕ ಬದಲಾವಣೆಗಳಿಂದ ಉತ್ತಮ ಜೋಡಣೆ ಹುಡುಕುವ ವಿಧಾನ) ಹಿಡಿಯಬೇಕೇ, ಇಲ್ಲವೇ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ (ಪ್ರಯತ್ನ ಮತ್ತು ಪ್ರತಿಫಲದಿಂದ ಕಲಿಯುವ ವಿಧಾನ) ಪ್ರಯತ್ನಿಸಬೇಕೇ?

ಉತ್ತರ 1 (ಫಿಸಿಕಲ್ ಡಿಸೈನ್ ಎಂಜಿನಿಯರ್):
ಅಲ್ಗಾರಿದಂ ಬದಲಿಸುವ ಮೊದಲು ಆ ಓಣಿಯ ಚಿತ್ರವನ್ನು ಪರದೆಯ ಮೇಲೆ ಒಮ್ಮೆ ಹಿಗ್ಗಿಸಿ ನೋಡಿ. ದೋಷಗಳಲ್ಲಿ ಬಹುಪಾಲು ಅಲ್ಲೇ ಇರುತ್ತವೆಂದು ನನ್ನ ಊಹೆ. ಒಂದು ನೆಟ್‌ನ (ಒಂದೇ ಸಂಕೇತ ಸಾಗಿಸುವ ಜೋಡಣೆಯ) ಪಿನ್‌ಗಳನ್ನೆಲ್ಲ ಒಳಗೊಳ್ಳುವ ಅತಿ ಚಿಕ್ಕ ಆಯತದ ಉದ್ದ ಮತ್ತು ಅಗಲವನ್ನು ಕೂಡಿದರೆ ನೀವು ಹೇಳಿದ ಅಳತೆ ಸಿಗುತ್ತದೆ. ಎರಡು ಮೂರು ಪಿನ್‌ಗಳ ನೆಟ್‌ಗೆ ಅದು ಕನಿಷ್ಠ ಉದ್ದಕ್ಕೆ ಸರಿಯಾಗಿಯೇ ಹೊಂದುತ್ತದೆ, ಪಿನ್‌ಗಳು ಹೆಚ್ಚಿದಂತೆ ನಿಜವಾದ ಉದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಎಲ್ಲಿ ವೈರ್‌ಗಳ ನೂಕುನುಗ್ಗಲಿದೆ ಎಂಬುದಂತೂ ಅದಕ್ಕೆ ತಿಳಿಯುವುದೇ ಇಲ್ಲ.

ಓಪನ್‌ರೋಡ್‌ನ ಗ್ಲೋಬಲ್ ಪ್ಲೇಸರ್ (ಸೆಲ್‌ಗಳಿಗೆ ಸ್ಥೂಲವಾಗಿ ಜಾಗ ಗೊತ್ತುಮಾಡುವ ಭಾಗ) ಪ್ರತಿ ಸೆಲ್ಲನ್ನೂ, ಅಂದರೆ ಸಣ್ಣ ಲಾಜಿಕ್ ಘಟಕವನ್ನೂ, ಒಂದು ವಿದ್ಯುದಾವೇಶವೆಂದು ಭಾವಿಸಿ, ದಟ್ಟವಾದ ಕಡೆಯಿಂದ ತೆರವಾದ ಕಡೆಗೆ ತಳ್ಳುತ್ತದೆ. ನಿಮ್ಮ ಓಣಿ ಅದರ ಕಣ್ಣಿಗೆ ಬರೀ ಖಾಲಿ ಜಾಗ, ಆದ್ದರಿಂದ ಸೆಲ್‌ಗಳು ಅಲ್ಲಿ ಹೋಗಿ ತುಂಬಿಕೊಳ್ಳುತ್ತವೆ. ಎರಡೂ ಬದಿಯ ಮ್ಯಾಕ್ರೋಗಳು ಕೆಳಗಿನ ಮೆಟಲ್ ಪದರಗಳನ್ನು ಆಕ್ರಮಿಸಿರುವುದರಿಂದ ಆ ಸೆಲ್‌ಗಳ ವೈರ್‌ಗಳೆಲ್ಲ ಓಣಿಯ ಎರಡು ಬಾಯಿಗಳಿಂದಲೇ ಹೊರಬರಬೇಕಾಗುತ್ತದೆ. ಮ್ಯಾಕ್ರೋಗಳನ್ನು ಡೈನ ಮೂಲೆಗಳಿಗೆ ಸರಿಸಿ, ಹೆಚ್ಚು ಪಿನ್‌ಗಳಿರುವ ಬದಿ ಒಳಮುಖವಾಗುವಂತೆ ತಿರುಗಿಸಿ, ಸುತ್ತಲೂ ಹೇಲೋ (ಸೆಲ್‌ಗಳನ್ನು ಇಡದ ಖಾಲಿ ಪಟ್ಟಿ) ಕೊಡಿ. ವೈರ್‌ಗಳ ನೂಕುನುಗ್ಗಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ರೌಟಬಿಲಿಟಿ ಆಯ್ಕೆಯನ್ನೂ ಚಾಲೂ ಮಾಡಿ.

ಉತ್ತರ 2 (ಪ್ರಾಧ್ಯಾಪಕಿ):
ಯಾವ ಅಲ್ಗಾರಿದಂ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಕೈಲೆಕ್ಕದಲ್ಲೇ ಸಿಗುತ್ತದೆ. ನಾಲ್ಕು ಮೂಲೆಗಳಿಗೆ ನಾಲ್ಕು ಮ್ಯಾಕ್ರೋಗಳನ್ನು 24 ಬಗೆಯಲ್ಲಿ ಹಂಚಬಹುದು, ಪ್ರತಿಯೊಂದಕ್ಕೂ ನಾಲ್ಕು ದಿಕ್ಕುಗಳೆಂದರೆ ಒಟ್ಟು 6144 ಜೋಡಣೆಗಳು. ಪಿನ್‌ಗಳು ಒಳಮುಖವಾಗಿರಬೇಕೆಂಬ ಷರತ್ತು ಹಾಕಿದರೆ ಬೆರಳೆಣಿಕೆಯ ದಿಕ್ಕುಗಳಷ್ಟೇ ಉಳಿಯುತ್ತವೆ. ಇಷ್ಟಕ್ಕೆ ನ್ಯೂರಲ್ ನೆಟ್‌ವರ್ಕ್ ತರಬೇತಿ ಮಾಡುವುದು ಸೊಳ್ಳೆ ಹೊಡೆಯಲು ಫಿರಂಗಿ ಎಳೆದು ತಂದಂತೆ.

ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಬಳಸಿ ಮ್ಯಾಕ್ರೋಗಳನ್ನು ಇಡುವ ಗೂಗಲ್ ತಂಡದ ವಿಧಾನ 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2023ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪರೀಕ್ಷಿಸಿ, 1983ರಿಂದ ಹೆಸರಾಗಿರುವ ಅನೀಲಿಂಗ್ ಹಲವೆಡೆ ಅದನ್ನು ಮೀರಿಸುತ್ತದೆಂದು ತೋರಿಸಿದರು. ಮುಂಚಿತ ತರಬೇತಿಯಿಲ್ಲದೆ ನಡೆದ ಆ ಪರೀಕ್ಷೆಯನ್ನು ಗೂಗಲ್ ಒಪ್ಪಲಿಲ್ಲ. ವಾದ ಸ್ವಾರಸ್ಯಕರವೇ ಹೌದು, ಆದರೆ ನಿಮ್ಮ ಚಿಪ್ಪಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮ್ಯಾಕ್ರೋಗಳನ್ನು ಮೂಲೆಗೆ ಸರಿಸಿದೆ. ವೈರ್ ಉದ್ದ ಹಳೆಯ ಮಟ್ಟಕ್ಕಿಂತಲೂ ತುಸು ಏರಿತು, ಆದರೆ ದೋಷಗಳು 31ಕ್ಕೆ ಇಳಿದಿವೆ. ಅವೆಲ್ಲವೂ ಒಂದೇ ಮ್ಯಾಕ್ರೋದ ಡೇಟಾ ಪಿನ್‌ಗಳ ಎದುರಿಗಿವೆ. ಅಲ್ಲಿ ಹೇಲೋ ನಾನು ತೀರ ಕಿರಿದಾಗಿ ಕೊಟ್ಟಿದ್ದೆ.