ಗವಂತಿ ಹಾಕುವಾಗ ಹಿಂದುಗಡೆ ಒಂದೇ ತರ ಬರುತ್ತಿಲ್ಲ, ಗೊತ್ತಿದ್ದವರು ಹೇಳಿಕೊಡಿ

ಸವದತ್ತಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನನ್ನ ಊರು ಸವದತ್ತಿ, ಕೆಲಸ ಬೆಂಗಳೂರಿನಲ್ಲಿ. ಎಂಟು ತಿಂಗಳಿಂದ ಕಸೂತಿ ಕಲಿಯುತ್ತಿದ್ದೇನೆ, ಈಗ ಹಿಂದೆ ಮುಂದೆ ಒಂದೇ ತರ ಕಾಣಬೇಕಾದ ಗವಂತಿ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದೇನೆ. ಕ್ಲಾಸಿಗೆ ಹೋಗಲು ಆಗುವುದಿಲ್ಲ. ವಿಡಿಯೊ ನೋಡಿ, ಬಿಚ್ಚಿ, ಮತ್ತೆ ಹಾಕಿ ಕಲಿತದ್ದು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಟ್ರಂಕಿನಿಂದ ಆಯಿಯ (ನನ್ನ ಅಜ್ಜಿಯ) ಚಂದ್ರಕಾಳಿ ಸೀರೆ ತೆಗೆದಳು. ಕಪ್ಪು ಇಳಕಲ್ ಸೀರೆ, ಕೆಂಪು ಸೆರಗು. ಸೆರಗಿನ ಹತ್ತಿರ ಗೋಪುರ, ತೇರು, ಅಂಬಾರಿ ಹೊತ್ತ ಆನೆ ಎಲ್ಲ ಒತ್ತೊತ್ತಾಗಿವೆ. ದೂರ ಹೋದಂತೆ ಚಿತ್ರ ಸಣ್ಣದಾಗುತ್ತಾ, ಕೊನೆಗೆ ಬರೀ ಚಿಕ್ಕಿ. ಮಡಿಕೆ ಬಿಚ್ಚಿ ಹಾಸಿದ ಮೇಲೆ ಯಾವುದು ಮುಂದು, ಯಾವುದು ಹಿಂದು ಅಂತ ನನಗೆ ತಿಳಿಯಲೇ ಇಲ್ಲ. ಬೆರಳು ಆಡಿಸಿ ನೋಡಿದೆ, ಒಂದು ಗಂಟೂ ಸಿಗಲಿಲ್ಲ. ಆಯಿ ಹೋಗಿ ಹನ್ನೊಂದು ವರ್ಷ ಆಯಿತು. ಆಕೆ ಕೂತು ಹಾಕುವುದನ್ನು ನೋಡಿದ ನೆನಪಿದೆ, ಆದರೆ ಅವತ್ತು ಕೇಳಬೇಕು ಅಂತ ಹೊಳೆಯಲಿಲ್ಲ.

ಈಗ ದಿನಾ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಕೂರುತ್ತೇನೆ. ಫೋನ್ ಬೇರೆ ಕೋಣೆಯಲ್ಲಿ ಇಡುತ್ತೇನೆ. ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಅದು.

ಈಗ ಮನೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ಮೇಲೆ ತುಳಸಿ ಕಟ್ಟೆ ಹಾಕುತ್ತಿದ್ದೇನೆ. ಕಟ್ಟೆಯ ಮೆಟ್ಟಿಲು ಎರಡೂ ಕಡೆ ಸರಿಯಾಗಿ ಬಂತು. ಮೇಲೆ ತುಳಸಿ ಗಿಡಕ್ಕೆ ಬಂದಾಗ ಕೆಟ್ಟಿತು. ಒಂದು ಎಲೆ ಮುಗಿಸಿ ಪಕ್ಕದ ಎಲೆಗೆ ಹೋಗುವಾಗ ಹಿಂದೆ ಅಡ್ಡ ದಾರ ಬೀಳುತ್ತದೆ. ಐದು ಕಡೆ ಹಾಗೆ ಆಗಿದೆ. ಕಟ್ಟೆಯ ನಡುವೆ ಮೆಂತಿ (ಗುಣಾಕಾರದ ಗುರುತಿನಂಥ ಹೊಲಿಗೆ) ಹಾಕಿ ತುಂಬಿಸಿದೆ, ಅದೂ ಹಿಂದೆ ಬೇರೆ ತರ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಇನ್ನೊಂದು. ಆಯಿಯ ಸೀರೆಯಲ್ಲಿ ಎರಡು ಆನೆಗಳ ಕಾಲಿನ ದಾರ ಹರಿದಿದೆ. ನಾನೇ ಸರಿಮಾಡಬಹುದಾ?

ಮಾಳಮಡ್ಡಿ ಅಕ್ಕ

ತಂಗಿ, ಓದಿ ಬಹಳ ಸಂತೋಷ ಆಯಿತು. ನಾನು ಧಾರವಾಡದಲ್ಲಿ ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತಿ ಆದವಳು. ಕಸೂತಿಯನ್ನು ನನ್ನ ಅವ್ವನಿಂದ ಹತ್ತನೇ ವಯಸ್ಸಿಗೆ ಕಲಿತೆ. ಕೌಂಟರಿನಲ್ಲಿ ಮಧ್ಯಾಹ್ನ ಊಟದ ಬಿಡುವಿನಲ್ಲೂ ನಾಲ್ಕು ಸಾಲು ಹಾಕುತ್ತಿದ್ದೆ.

ಮೊದಲು ಮೆಂತಿ ವಿಷಯ ಮುಗಿಸುತ್ತೇನೆ. ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ಮೆಂತಿ ಎರಡೂ ಕಡೆ ಒಂದೇ ತರ ಬರುವ ಹೊಲಿಗೆ ಅಲ್ಲ. ನೇಗಿ ಅನ್ನುವ ಹೊಲಿಗೆಯೂ ಹಾಗೆ ಬರುವುದಿಲ್ಲ, ಅದು ನೇಯ್ದ ಹಾಗೆ ಕಾಣಲಿ ಅಂತ ಹಾಕುವುದು. ಹಿಂದೆ ಮುಂದೆ ಒಂದೇ ತರ ಬರುವುದು ಗವಂತಿ ಮತ್ತು ಮುರ್ಗಿ ಎರಡೇ. ಮುರ್ಗಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು, ನಿನ್ನ ಕಟ್ಟೆಯಲ್ಲಿ ಅದು ಸರಿಯಾಗಿ ಬಂದಿದೆಯಲ್ಲ.

ಈಗ ಗಿಡ. ಗವಂತಿಯಲ್ಲಿ ಹೋಗುವ ದಾರಿ ಒಂದು, ಬರುವ ದಾರಿ ಅದೇ. ಹೋಗುವಾಗ ದಾರ ಒಂದು ಮನೆ (ಬಟ್ಟೆಯ ಒಂದು ಚೌಕ) ಮೇಲೆ, ಒಂದು ಮನೆ ಕೆಳಗೆ. ಬರುವಾಗ ಖಾಲಿ ಬಿಟ್ಟ ಮನೆ ತುಂಬುತ್ತಾ ಬರಬೇಕು. ಇಷ್ಟು ನಿನಗೆ ಗೊತ್ತಿದೆ. ಕೊಂಬೆ ಬಂದಾಗ ಏನು ಮಾಡಬೇಕು ಅನ್ನುವುದು ಗೊತ್ತಾಗುತ್ತಿಲ್ಲ, ಅಷ್ಟೇ.

ಕಾಂಡದ ಮೇಲೆ ಹೋಗುತ್ತಿದ್ದೀಯ, ಎಡಕ್ಕೆ ಒಂದು ಎಲೆ ಬಂತು ಅಂದುಕೋ. ಅಲ್ಲೇ ಕಾಂಡ ಬಿಟ್ಟು ಎಲೆಗೆ ಹೊರಳು. ಎಲೆಯ ತುದಿವರೆಗೆ ಹೋಗು, ಅದೇ ದಾರಿಯಲ್ಲಿ ಖಾಲಿ ತುಂಬುತ್ತಾ ಕಾಂಡಕ್ಕೆ ವಾಪಸ್ ಬಾ. ಆಮೇಲೆ ಮುಂದೆ ಹೋಗು. ಎಲೆಗೆ ಹೋಗಲು ಮೂರು ಹೆಜ್ಜೆ ಆದರೆ ಬರಲೂ ಮೂರೇ, ಒಟ್ಟು ಆರು. ಐದಾದರೆ ಹತ್ತು. ಯಾವಾಗಲೂ ಸರಿ ಸಂಖ್ಯೆಯೇ ಬರುತ್ತದೆ. ಅದಕ್ಕೇ ಕಾಂಡಕ್ಕೆ ಬಂದಾಗ ಸೂಜಿ ಮೇಲಿದ್ದರೆ ಮೇಲೆಯೇ ಇರುತ್ತದೆ, ಕೆಳಗಿದ್ದರೆ ಕೆಳಗೆಯೇ. ಕಾಂಡದ ಲೆಕ್ಕ ತಪ್ಪುವುದೇ ಇಲ್ಲ. ಎಲೆಯಿಂದ ಎಲೆಗೆ ಹಾರಬೇಡ. ಹಾರಿದ್ದಕ್ಕೇ ನಿನಗೆ ಅಡ್ಡ ದಾರ ಬಿದ್ದಿದೆ.

ಗಿಡದ ತುದಿ ಮುಟ್ಟಿದ ಮೇಲೆ ಕಾಂಡದ ಖಾಲಿ ತುಂಬುತ್ತಾ ಇಳಿ. ಶುರುಮಾಡಿದ ಜಾಗಕ್ಕೇ ಬಂದು ನಿಲ್ಲುತ್ತೀಯ. ಹೋಗುವಾಗ ಒಂದು ಎಲೆ ಮರೆತರೂ ಚಿಂತೆ ಇಲ್ಲ, ಇಳಿಯುವಾಗ ಅದನ್ನು ಮುಗಿಸಿಕೊಂಡು ಬರಬಹುದು. ನನ್ನ ಅವ್ವ ಇದನ್ನು ಓಣಿಗೆ ಹೋಲಿಸುತ್ತಿದ್ದಳು. ದೊಡ್ಡ ಬೀದಿಯಲ್ಲಿ ಹೋಗುವಾಗ ಪ್ರತಿ ಓಣಿಗೂ ಹೊಕ್ಕು ಬಾ ಅನ್ನುತ್ತಿದ್ದಳು.

ಗಂಟು ಹಾಕದೆ ಶುರುಮಾಡುವುದು ಹೇಗೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡು ಇಂಚು ದಾರ ಬಾಲದ ಹಾಗೆ ಹೊರಗೆ ಬಿಡು. ಎಲ್ಲ ಮುಗಿದ ಮೇಲೆ ಆ ಬಾಲವನ್ನು ಸೂಜಿಗೆ ಪೋಣಿಸಿ, ನೀನೇ ಹಾಕಿದ ಹೊಲಿಗೆಯ ಮೇಲೆ ಮೂರು ನಾಲ್ಕು ಮನೆ ಓಡಿಸಿ ಕತ್ತರಿಸು. ಮುಗಿಸುವಾಗಲೂ ಹಾಗೆಯೇ. ಆ ಮೂರು ನಾಲ್ಕು ಮನೆ ಸ್ವಲ್ಪ ದಪ್ಪ ಕಾಣುತ್ತದೆ, ಹುಡುಕಿದವರಿಗೆ ಮಾತ್ರ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಉದ್ದ ಇದ್ದಷ್ಟೂ ಸಿಕ್ಕು ಜಾಸ್ತಿ.

ಆಯಿಯ ಸೀರೆ ವಿಷಯದಲ್ಲಿ ನನ್ನ ಮಾತು ಕೇಳು. ಈಗ ಅದರ ಮೇಲೆ ಸೂಜಿ ಇಡಬೇಡ. ಹಳೆಯ ಬಟ್ಟೆಯ ಎಳೆ ಸೋತಿರುತ್ತದೆ. ಹೊಸ ದಾರ ಬಿಗಿಯಾದರೆ ಬಟ್ಟೆಯೇ ಹರಿಯುತ್ತದೆ. ಮಡಿಕೆ ಒಂದೇ ಕಡೆ ಬೀಳದ ಹಾಗೆ ಆಗಾಗ ಬಿಚ್ಚಿ ಬೇರೆ ಕಡೆ ಮಡಿಸು. ಅದಕ್ಕಿಂತ ಒಳ್ಳೆಯ ಕೆಲಸ ಒಂದಿದೆ. ಆ ಆನೆಯನ್ನು ಮನೆ ಮನೆ ಎಣಿಸಿ ಗ್ರಾಫ್ ಹಾಳೆಗೆ ಇಳಿಸು. ನಮ್ಮ ಹಿರಿಯರು ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಹಾಕಿದವರಲ್ಲ. ಒಬ್ಬರ ಸೀರೆ ನೋಡಿ, ಎಣಿಸಿ, ಇನ್ನೊಬ್ಬರು ಹಾಕುತ್ತಿದ್ದರು. ನಿನ್ನ ಆಯಿಯೂ ಯಾರದೋ ಸೀರೆ ನೋಡಿಯೇ ಆನೆ ಕಲಿತಿರಬೇಕು.

ರಾತ್ರಿ ಪಾಳಿ

ಅಕ್ಕಾ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹುಬ್ಬಳ್ಳಿಯವನು, ಲ್ಯಾಬ್ ಟೆಕ್ನಿಷಿಯನ್. ರಾತ್ರಿ ಪಾಳಿ ಮುಗಿದ ಮೇಲೆ ಬೆಳಿಗ್ಗೆ ನಿದ್ದೆ ಬರುವವರೆಗೆ ಕಸೂತಿ ಹಾಕುತ್ತೇನೆ. ಗಂಡಸರು ಇದನ್ನು ಹಾಕುತ್ತಾರಾ ಅಂತ ಕೇಳುವವರು ಇದ್ದಾರೆ. ನನಗೆ ಇಷ್ಟ, ಹಾಕುತ್ತೇನೆ.

ಕೆಲಸಕ್ಕೆ ಬರುವ ಎರಡು ಮಾತು. ಗ್ರಾಫ್ ಹಾಳೆಯಲ್ಲಿ ಚಿತ್ರ ಬರೆದ ಮೇಲೆ ಸೂಜಿ ಹಿಡಿಯಬೇಡಿ. ಮೊದಲು ಪೆನ್ಸಿಲ್ ಹಿಡಿದು ದಾರಿಯಲ್ಲಿ ನಡೆದು ನೋಡಿ. ಹೋಗುವಾಗ ಕೆಂಪು ಬಾಣ, ಬರುವಾಗ ನೀಲಿ ಬಾಣ. ಪ್ರತಿ ಗೆರೆಯ ಮೇಲೂ ಒಂದು ಕೆಂಪು, ಒಂದು ನೀಲಿ ಇದ್ದರೆ ದಾರಿ ಸರಿ ಇದೆ ಅಂತ ಅರ್ಥ. ಒಂದೇ ಬಣ್ಣ ಎರಡು ಸಲ ಬಿದ್ದರೆ ಅಲ್ಲಿ ಎಡವುತ್ತೀರಿ. ಗೋಪುರ ಹಾಕುವ ಮೊದಲು ನಾನು ಬರೀ ಬಾಣ ಹಾಕುತ್ತಾ ಮೂರು ದಿನ ಕೂತಿದ್ದೆ.

ಇನ್ನೊಂದು, ಮೊಂಡು ತುದಿಯ ಸೂಜಿ ತೆಗೆದುಕೊಳ್ಳಿ, 24 ಇಲ್ಲವೇ 26 ನಂಬರ್. ಚೂಪು ಸೂಜಿ ಬರುವಾಗ ಮೊದಲಿನ ದಾರವನ್ನೇ ಸೀಳುತ್ತದೆ, ಗೆರೆ ಡೊಂಕಾಗುತ್ತದೆ. ವಾಪಸ್ ಬರುವಾಗ ಸೂಜಿ ಯಾವಾಗಲೂ ಹಳೆಯ ದಾರದ ಒಂದೇ ಪಕ್ಕದಲ್ಲಿ ಮೇಲೆ ಬರಲಿ, ಇನ್ನೊಂದು ಪಕ್ಕದಲ್ಲಿ ಇಳಿಯಲಿ. ಆಗ ಗೆರೆ ನೇರ ನಿಲ್ಲುತ್ತದೆ. ಲಡಿ ದಾರದಲ್ಲಿ ಆರು ಎಳೆ ಇರುತ್ತದೆ, ಮ್ಯಾಟಿಗೆ ಎರಡು ಎಳೆ ಸಾಕು.

ರೇಷ್ಮೆ ಸೀರೆಗೆ ಹಾಕುವ ದಿನ ಬಂದರೆ, ಎಳೆ ಎಣಿಸಲು ಆಗುವುದಿಲ್ಲ. ಮೇಲೆ ಮ್ಯಾಟಿ ತುಂಡು ಟಾಕಿ, ಅದರ ಮನೆ ಎಣಿಸಿ ಎರಡನ್ನೂ ಸೇರಿಸಿ ಹಾಕಬೇಕು. ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದೇ ಎಳೆದು ತೆಗೆಯಬೇಕು. ತಾಳ್ಮೆಯ ಕೆಲಸ. ಕೊನೆಯ ಎಳೆ ಬಂದಾಗ ಚಿತ್ರ ರೇಷ್ಮೆಯ ಮೇಲೆ ಹಾಗೇ ಕೂತುಬಿಡುತ್ತದೆ. ಅದನ್ನು ನೋಡಲಿಕ್ಕೇ ನಾನು ಮತ್ತೆ ಮತ್ತೆ ಹಾಕುತ್ತೇನೆ.

ಲಂಡನ್ನಿನಿಂದ ಗದಗಿನವಳು

ಚಿಕ್ಕ ವಿಷಯ ಒಂದು ಸೇರಿಸುತ್ತೇನೆ. ಇಲ್ಲಿ ನಮ್ಮ ಲೈಬ್ರರಿಯಲ್ಲಿ ಶನಿವಾರ ಹೊಲಿಗೆ ಗುಂಪು ಸೇರುತ್ತದೆ. ನಾನು ಗವಂತಿ ಹಾಕುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ನೋಡಿ "ಇದು ನಮ್ಮ ಹೋಲ್ಬೈನ್ ಹೊಲಿಗೆ" ಅಂದರು. ಅದೇ ಹೋಗಿ ಬರುವ ದಾರಿ, ಅದೇ ಖಾಲಿ ತುಂಬುವುದು! ಬಿಳಿ ಬಟ್ಟೆಯ ಮೇಲೆ ಕಪ್ಪು ರೇಷ್ಮೆ ದಾರದಲ್ಲಿ ಹಾಕುತ್ತಾರೆ.

ಆ ಹೆಸರು ಬಂದದ್ದು ಎಂಟನೇ ಹೆನ್ರಿಯ ಆಸ್ಥಾನದಲ್ಲಿದ್ದ ಚಿತ್ರಕಾರ ಹಾನ್ಸ್ ಹೋಲ್ಬೈನ್‌ನಿಂದ. ಆತ ರಾಣಿ ಜೇನ್ ಸೀಮೋರ್‌ಳ ಚಿತ್ರ ಬರೆದಿದ್ದಾನೆ, 1536ರ ಸುಮಾರಿನದು. ಆಕೆಯ ತೋಳಿನ ತುದಿಯ ಪಟ್ಟಿ ನೋಡಿ, ಒಂದೊಂದು ಹೊಲಿಗೆಯೂ ಕಾಣುತ್ತದೆ. ಅವರಿಗೂ ಎರಡೂ ಕಡೆ ಒಂದೇ ತರ ಬೇಕಿತ್ತು. ತೋಳಿನ ಪಟ್ಟಿಯ ಒಳಗೂ ಹೊರಗೂ ಕಣ್ಣಿಗೆ ಬೀಳುತ್ತಿತ್ತಲ್ಲ. ನಮ್ಮ ಸೆರಗು ಹೆಗಲಿಂದ ಇಳಿಬಿದ್ದು ಗಾಳಿಗೆ ತಿರುಗುತ್ತದೆ, ತಲೆ ಮೇಲೆ ಹೊದ್ದರೆ ಒಳಮೈ ಕಾಣುತ್ತದೆ. ಹಾಗಾಗಿ ನಮ್ಮವರೂ ಅದೇ ಹೊಲಿಗೆ ಹಿಡಿದರು ಅಂತ ನನಗೆ ಅನಿಸುತ್ತದೆ. ಆ ಹಿರಿಯರಿಗೆ ನಾನು ಕಮಲ ಹಾಕುವುದನ್ನು ತೋರಿಸಿಕೊಟ್ಟೆ.

ಸವದತ್ತಿ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಗಿಡ ಪೂರ್ತಿ ಬಿಚ್ಚಿ ಮತ್ತೆ ಹಾಕಿದೆ. ನಾಲ್ಕು ರಾತ್ರಿ ಹಿಡಿಯಿತು. ಪ್ರತಿ ಎಲೆಗೂ ಹೊಕ್ಕು ಬಂದೆ. ಬಟ್ಟೆ ತಿರುಗಿಸಿ ನೋಡಿದಾಗ ಒಂದೂ ಅಡ್ಡ ದಾರ ಇಲ್ಲ. ಅವ್ವನಿಗೆ ಎರಡೂ ಕಡೆಯ ಫೋಟೊ ಕಳಿಸಿದೆ. ಒಂದೇ ಫೋಟೊ ಎರಡು ಸಲ ಯಾಕೆ ಕಳಿಸಿದೆ ಅಂತ ಕೇಳಿದಳು.

ಸೀರೆಯನ್ನು ಮುಟ್ಟಿಲ್ಲ. ಊರಿಗೆ ಹೋದಾಗ ಬೆಳಕಿಗೆ ಹಾಸಿ, ಭೂತಗನ್ನಡಿ ಹಿಡಿದು ಒಂದು ಆನೆಯನ್ನು ಎಣಿಸಿದೆ. ಅವ್ವ ಸಂಖ್ಯೆ ಬರೆದುಕೊಂಡಳು. ಸೊಂಡಿಲಿನಿಂದ ಬಾಲದವರೆಗೆ 38 ಮನೆ, ಅಂಬಾರಿ ಸೇರಿಸಿ ಎತ್ತರ 41. ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು.

ಅಕ್ಕಾ, ನೀವು ಹೇಳಿದ ದಪ್ಪ ಹೊಲಿಗೆ ಹುಡುಕಿದೆ. ಹಿಂಗಾಲಿನ ಪಾದದಲ್ಲಿ ಸಿಕ್ಕಿತು. ಪಾದದ ಆ ಕಡೆ ಮೂರು ಮನೆ, ಈ ಕಡೆ ಮೂರು ಮನೆ. ಬೇರೆಲ್ಲೂ ಇಲ್ಲ. ಪಕ್ಕದ ಆನೆ ನೋಡಿದೆ, ಅದರಲ್ಲೂ ಹಿಂಗಾಲಿನ ಪಾದವೇ. ಅಂದರೆ ಆಯಿ ಅಲ್ಲಿಂದ ಹೊರಟು, ಇಡೀ ಆನೆ ಸುತ್ತಿ, ಅಲ್ಲಿಗೇ ಬಂದಿದ್ದಾಳೆ, ಅಲ್ವಾ?

ಮಾಳಮಡ್ಡಿ ಅಕ್ಕ

ಹೌದು ತಂಗಿ. ಒಂದೇ ದಾರದಲ್ಲಿ ಆನೆ ಪೂರ್ತಿ ಆಗುವುದಿಲ್ಲ, ನಡುವೆ ದಾರ ಬದಲಿಸಿರುತ್ತಾಳೆ. ಆ ಜೋಡಣೆ ಅಂಬಾರಿಯ ಒತ್ತಿನಲ್ಲಿ ಮುಚ್ಚಿಹೋಗಿರುತ್ತದೆ, ಅಲ್ಲಿ ನೋಡು. ಆನೆಯನ್ನು ಪಾದದಿಂದ ಶುರುಮಾಡಿದರೆ ನೆಲದ ಗೆರೆ ಮೊದಲೇ ಸಿಗುತ್ತದೆ, ನಾಲ್ಕೂ ಕಾಲು ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ನಾನು ಸೊಂಡಿಲಿನಿಂದ ಶುರುಮಾಡುತ್ತಿದ್ದೆ, ಕಾಲಿಗೆ ಬರುವಷ್ಟರಲ್ಲಿ ಒಂದು ಮನೆ ಹೆಚ್ಚುಕಡಿಮೆ ಆಗಿ ಬಿಚ್ಚಬೇಕಾಗುತ್ತಿತ್ತು. ನಿನ್ನ ಗ್ರಾಫ್ ಹಾಳೆಯ ಫೋಟೊ ಇಲ್ಲಿ ಹಾಕು. ನಾನೂ ಹಿಂಗಾಲಿನಿಂದ ಒಂದು ಹಾಕಿ ನೋಡುತ್ತೇನೆ.